ತಬಸ್ಸುಮ್ ಟೀಚರ್ ಅಡವಿಟ್ಟ ಗಣಿತ

ಸವದತ್ತಿಯ ಅಕ್ಷರದೀಪ ವಿದ್ಯಾ ಪತ್ತಿನ ಸಹಕಾರಿ ಸಂಘವು ಪ್ರಸಕ್ತ ಸಾಲಿನಲ್ಲಿ ಒಂದು ಶೈಕ್ಷಣಿಕ ಸಾಲದ ಮಾಸಿಕ ಕಂತನ್ನು ಆರು ಸಾವಿರದ ಎಂಟುನೂರು ರೂಪಾಯಿಯಿಂದ ಸೊನ್ನೆಗೆ ಇಳಿಸಿದೆ. ಈ ವಿಷಯವಾಗಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತ ಕೆಲವರು ಬಾಯಿಗೆ ಬಂದದ್ದು ಮಾತಾಡುತ್ತಿರುವುದರಿಂದ, ಸಂಘದ ಹಿರಿಯ ಗುಮಾಸ್ತೆಯಾದ ರಾಜೇಶ್ವರಿ ಎಂಬ ನಾನು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಓದಿದ ಮೇಲೂ ತಕರಾರಿದ್ದವರಿಗೆ ಫಾರ್ಮು ನಮ್ಮಲ್ಲೇ ಸಿಗುತ್ತದೆ, ಐದು ರೂಪಾಯಿ.

ಮೊದಲು ಸಂಘದ ವಿಚಾರ. ಹದಿನೆಂಟು ವರ್ಷ ನಾವು ಬಂಗಾರದ ಮೇಲೆ ಸಾಲ ಕೊಟ್ಟವರು. ಆಮೇಲೆ ಕಾಲ ನೋಡಿ ಓದುವವರಿಗೂ ಸಾಲ ಕೊಟ್ಟೆವು. ಓದಿದವರು ನೌಕರಿ ಹಿಡಿದರು, ಮೊದಲ ಪಗಾರ ನೋಡಿದರು, ಕಂತು ಇಳಿಸಿ ಎಂದು ನಮ್ಮ ಬಾಗಿಲಿಗೆ ಬಂದರು. ಆಡಳಿತ ಮಂಡಳಿಯ ಸಭೆ ಕೂಡಿತು. ಕಾರ್ಯದರ್ಶಿ ನಿಜಗುಣಪ್ಪನವರು ಮೆಣಸಿನಕಾಯಿ ಭಜಿ ಮುಗಿಸಿ, ಕೈ ಒರೆಸಿಕೊಂಡು, ಒಂದೇ ಮಾತು ಹೇಳಿದರು.

"ಬಂಗಾರ ಇದ್ದವರು ಬಂಗಾರ ಇಡ್ತಾರ. ಇವರ ಹಂತೇಕ ವಿದ್ಯಾ ಐತಿ. ವಿದ್ಯಾ ಇಡ್ಲಿ."

ಠರಾವು ಸರ್ವಾನುಮತದಿಂದ ಪಾಸಾಯಿತು. ಹೊಸ ನಿಯಮಾವಳಿ ಅಚ್ಚು ಹಾಕಿಸಲು ಖರ್ಚು ಬರುತ್ತದೆಂದು, ಬಂಗಾರದ ಸಾಲದ ಹಳೇ ನಿಯಮಾವಳಿಯಲ್ಲೇ 'ಆಭರಣ' ಎಂದಿದ್ದ ಕಡೆಗೆಲ್ಲ ನಾನು ಕೆಂಪು ಪೆನ್ನಿನಿಂದ 'ವಿದ್ಯೆ' ಎಂದು ತಿದ್ದಿದೆ. ಇಪ್ಪತ್ತಾರು ಪುಟ, ಒಂದೇ ದಿನದಲ್ಲಿ. ಕಲಂ ಒಂಬತ್ತು ಈಗ "ಅಡವಿನ ಅವಧಿಯಲ್ಲಿ ವಿದ್ಯೆಯ ಕೊಂಡಿ ಸಡಿಲಾದಲ್ಲಿ ಸಂಘ ಜವಾಬ್ದಾರಿಯಲ್ಲ" ಎಂದು ಓದಿಸಿಕೊಳ್ಳುತ್ತದೆ. ಓದಲು ಏನೂ ತೊಡಕಿಲ್ಲ. ಕಲಂ ಹನ್ನೊಂದರ ಪ್ರಕಾರ ಅಡವಿಟ್ಟ ವಿದ್ಯೆಯನ್ನು ಬಳಸುವಂತಿಲ್ಲ. ಅಡವಿಟ್ಟ ಸರವನ್ನು ಕೊರಳಲ್ಲಿ ಹಾಕಿಕೊಂಡು ತಿರುಗಲಿಕ್ಕೆ ಯಾರಾದರೂ ಬಿಡುತ್ತಾರೇನು?

ಈ ಯೋಜನೆಗೆ ಮೊದಲು ಬಂದವರು ತಬಸ್ಸುಮ್ ಟೀಚರ್. ಸುರೇಬಾನದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಬಿ.ಎಸ್ಸಿ., ಬಿ.ಎಡ್. ಜೊತೆಗೆ ಅವರ ತಂದೆ ಗೌಸಸಾಬರು, ಟೆಂಪೋ ಹೊಡೆಯುವವರು. ಪಗಾರ ಹನ್ನೊಂದು ಸಾವಿರ, ಕಂತು ಆರು ಸಾವಿರದ ಎಂಟುನೂರು.

"ಸರ್, ಕಂತ ಕಟ್ಟಿದ ಮ್ಯಾಲೆ ನಾಕ ಸಾವಿರದ ಎರಡನೂರು ಉಳೀತೈತ್ರಿ," ಎಂದರು ಟೀಚರ್. "ತಂಗಿ ನೂರಬಿ ನರ್ಸಿಂಗ ಓದಾಕ ಹತ್ಯಾಳ. ಆಕಿ ಹಾಸ್ಟೆಲ್ಲಿಗೆ ತಿಂಗಳಾ ಆರ ಸಾವಿರ ಕಳಸಬೇಕು. ಆಕಿ ಹೆಸರಿಲೆ ಮತ್ತೊಂದ ಸಾಲ ಆಗಬಾರ್ದು, ಅಷ್ಟ ನನ್ನ ಹಠ."

"ಕಂತ ಇಳಸೂಣು," ಎಂದರು ನಿಜಗುಣಪ್ಪನವರು. "ಏನೇನ ಇಡ್ತೀರಿ?"

"ಗಣಿತ ಒಂದ ಬಿಟ್ಟು ಏನ್ ಬೇಕಾದ್ದು ಇಟಗೋರಿ."

ಬೆಲೆ ಕಟ್ಟುವವರು ನಮ್ಮ ಮಹಾದೇವ ಪತ್ತಾರರು. ಸಂಘ ಹುಟ್ಟಿದಾಗಿನಿಂದ ಬಂಗಾರ ಒರೆಗೆ ಹಚ್ಚಿದ ಕೈ. ವಿದ್ಯೆಯ ಹೆಚ್ಚುವರಿ ಪ್ರಭಾರವನ್ನೂ ಅವರಿಗೇ ವಹಿಸಲಾಗಿತ್ತು. ಅವರು ಟೀಚರ್ ಎದುರು ಕೂತು ಒಂದೊಂದೇ ವಿಷಯದಲ್ಲಿ ನಾಲ್ಕು ನಾಲ್ಕು ಪ್ರಶ್ನೆ ಕೇಳಿದರು, ಉತ್ತರ ಕೇಳುವಾಗ ಕಣ್ಣು ಮುಚ್ಚಿಕೊಂಡರು.

"ಭೌತಶಾಸ್ತ್ರ ಚಲೋ ಐತಿ, ಹನ್ನೊಂದ ನೂರ ಹಿಡೀರಿ. ರಸಾಯನಶಾಸ್ತ್ರದಾಗ ಅರಗ ಭಾಳ ತುಂಬ್ಯಾರ, ಎಲ್ಲಾ ಗೈಡಿಂದು. ಕಡದು ಒಂಬೈನೂರು. ಇಂಗ್ಲಿಷಿಗೆ ಬರೇ ಮ್ಯಾಲೆ ಬಂಗಾರದ ನೀರ ಕುಡಿಸ್ಯಾರ, ಏಳನೂರು. ಮನೋವಿಜ್ಞಾನ ತಕ್ಕಡಿ ಅಳ್ಳಾಡಸಂಗಿಲ್ಲ. ಬಂದಾರ ಪಾಪ, ನೂರ ರೂಪಾಯಿ ಹಾಕ್ರಿ."

ಒಟ್ಟು ಎರಡು ಸಾವಿರದ ಎಂಟುನೂರು ಇಳಿದು, ಕಂತು ನಾಲ್ಕು ಸಾವಿರಕ್ಕೆ ಬಂತು. ಆಯಾ ವಿಷಯದ ನೋಟ್ಸುಗಳನ್ನು ನಾಲ್ಕು ಚೀಲದಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ತಿಜೋರಿಯಲ್ಲಿ ಇಟ್ಟೆ. ಟೀಚರ್ ಹಗುರಾಗಿ ಹೋದರು. ಹಗುರಾದದ್ದು ಕಂತಿನಿಂದಲೋ ವಿದ್ಯೆಯಿಂದಲೋ ಎಂದು ಪತ್ತಾರರು ಕೇಳಿದರು. ಕಚೇರಿಯಲ್ಲಿ ಇಂಥ ಚೇಷ್ಟೆ ನನಗೆ ಸೇರುವುದಿಲ್ಲ.

ಅಡವಿಟ್ಟ ಮಾಲು ಬಳಕೆಯಾಗದಂತೆ ನೋಡಿಕೊಳ್ಳಲು ಸಚಿನ ಎಂಬ ಪರಿವೀಕ್ಷಕನನ್ನು ನೇಮಿಸಿದೆವು. ಹುಡುಕಿ ಹುಡುಕಿ ಹಿಡಿಯುವ ಮನುಷ್ಯ. ಎರಡನೇ ವಾರವೇ ವರದಿ ಬಂತು: ಸದರಿ ಸಾಲಗಾರರು ರಾಮದುರ್ಗದಲ್ಲಿ ಇನ್ನೂ ನಿಲ್ಲದ ಬಸ್ಸಿನಿಂದ ಇಳಿಯುವಾಗ, ಬಸ್ಸು ಹೊರಟ ದಿಕ್ಕಿಗೇ ನಾಲ್ಕು ಹೆಜ್ಜೆ ಓಡಿರುತ್ತಾರೆ. ಇದು ಸ್ಪಷ್ಟವಾಗಿ ಭೌತಶಾಸ್ತ್ರ. ದಂಡ ಐವತ್ತು ರೂಪಾಯಿ.

"ಓಡದಿದ್ರ ಬೀಳ್ತಿದ್ನೆಲ್ರಿ!" ಎಂದರು ಟೀಚರ್.

"ಬೀಳಬೇಕಾಗಿತ್ತು," ಎಂದರು ನಿಜಗುಣಪ್ಪನವರು. "ಅಡವಿಟ್ಟ ಮ್ಯಾಲೆ ಬೀಳೂದು ನಿಮ್ಮ ಕರ್ತವ್ಯ."

ಮುಂದಿನ ತಿಂಗಳು ಮನೆಯ ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು ಸಿಕ್ಕಿತು. ರಸಾಯನಶಾಸ್ತ್ರ, ಇನ್ನೈವತ್ತು. ಗೌಸಸಾಬರಿಗೆ ಸಿಟ್ಟು ಬಂತು. "ಸಾಹೇಬ್ರ, ಈಕಿ ಹುಟ್ಟೂಕಿಂತ ಮೊದಲಿಂದ ನಮ್ಮವ್ವ ಹುಣಸಿಹಣ್ಣ ಹಚ್ಚತಿದ್ಳು!" ಎಂದರು. ಸದರಿ ಅವ್ವನವರು ಯಾರ ಪರವಾನಗಿಯಿಂದ ಹಚ್ಚುತ್ತಿದ್ದರೆಂದು ಲಿಖಿತ ವಿವರಣೆ ಕೇಳಲಾಯಿತು. ಅವರು ತೀರಿಕೊಂಡಿದ್ದರಿಂದ ಫೈಲು ಮುಗಿಸಿದೆವು. ನಾವೇನು ಕಟುಕರಲ್ಲ.

ಹೀಗೆ ಎಲ್ಲವೂ ಸುರಳೀತ ನಡೆದಿರಲು, ನೂರಬಿಯ ಹಾಸ್ಟೆಲ್ಲಿನವರು ಆರು ಸಾವಿರವನ್ನು ಎಂಟೂವರೆ ಸಾವಿರ ಮಾಡಿದರು. ತಬಸ್ಸುಮ್ ಟೀಚರ್ ತಂದೆಯ ಜೊತೆ ಮತ್ತೆ ಬಂದರು. ಈ ಸಲ ಬಾಗಿಲಲ್ಲಿ ಬಹಳ ಹೊತ್ತು ನಿಂತರು.

"ಬರ್ರಿ, ಕೂಡ್ರಿ," ಎಂದೆ. "ಏನ್ ತಂದೀರಿ?"

"ಗಣಿತ," ಎಂದರು.

ಪತ್ತಾರರು ಎಂದಿನಂತೆ ಕಣ್ಣು ಮುಚ್ಚಿ ಪ್ರಶ್ನೆ ಶುರು ಮಾಡಿದರು. ಅದು ಮುಗಿಯುವ ಮೊದಲೇ ಉತ್ತರ ಬಂತು. ಅದೇ ಉತ್ತರಕ್ಕೆ ಬರುವ ಇನ್ನೊಂದು ದಾರಿಯೂ ಬಂತು. ಆಮೇಲೆ ಪ್ರಶ್ನೆಯೇ ಸ್ವಲ್ಪ ತಪ್ಪಿದೆ ಎಂಬುದೂ ಬಂತು. ಪತ್ತಾರರು ಕಣ್ಣು ತೆರೆದು ಚಷ್ಮಾ ತೆಗೆದಿಟ್ಟರು. "ಅರಗಿಲ್ಲ, ಬೆಸಗಿಲ್ಲ. ಇಷ್ಟ ಚೊಕ್ಕದ್ದು ನನ್ನ ಕೈಗೆ ಬಂದಿಲ್ಲ. ತಂಗೀ, ಇದನ್ಯಾಕ ತಂದೆವಾ?"

"ಮಾತ ಬರೂಕಿಂತ ಮೊದಲ ಕೈಬೆರಳ ಎಣಿಸಿದಾಕಿ ರೀ," ಎಂದರು ಗೌಸಸಾಬರು ಗೋಡೆ ಕಡೆ ನೋಡುತ್ತ. "ಟೆಂಪೋದಾಗ ಬಾಜೂಕ ಕುಂತು ಎದುರಿನ ಗಾಡಿ ನಂಬರೆಲ್ಲಾ ಕೂಡಸ್ಕೋತ ಬರ್ತಿದ್ಳು."

ಎರಡೂವರೆ ಸಾವಿರ ಬೆಲೆ ಕಟ್ಟಿದೆವು. ಕಂತು ಒಂದೂವರೆ ಸಾವಿರಕ್ಕೆ ಇಳಿಯಿತು. ಚೀಲಕ್ಕೆ ಮುದ್ರೆ ಒತ್ತುವಾಗ ಟೀಚರ್ ನನ್ನ ಕೈ ಹಿಡಿದು, "ಅಕ್ಕಾರ, ಜ್ವಾಕಿಲೆ ಇಡ್ರಿ," ಎಂದರು. ಹಾಗೆ ಕೈ ಹಿಡಿದು ಕೇಳಿದ್ದಕ್ಕೆ ನಿಯಮಾವಳಿಯಲ್ಲಿ ಕಲಂ ಇಲ್ಲವಾದ್ದರಿಂದ ಮುದ್ರೆ ಒತ್ತಿದೆ.

ಆದರೆ ಗಣಿತದ ಟೀಚರ್ ಗಣಿತವಿಲ್ಲದೆ ಶಾಲೆಗೆ ಹೋದರೆ ಏನು ಮಾಡಬೇಕು? ಹತ್ತನೇ ಇಯತ್ತೆಯ ಪರೀಕ್ಷೆ ಹತ್ತಿರ ಬಂದಿತ್ತು. ಇದಕ್ಕೂ ನಮ್ಮ ಹಳೇ ನಿಯಮಾವಳಿಯಲ್ಲಿ ದಾರಿ ಇತ್ತು. ನಮ್ಮ ಕಡೆ ಅಡವಿಟ್ಟ ಬಂಗಾರವನ್ನು ಲಗ್ನಕ್ಕೆಂದು ಒಂದು ದಿನ ಬಿಟ್ಟುಕೊಡುವ ರೂಢಿ ಇದೆ. ಹೆಣ್ಣುಮಕ್ಕಳು ಬರಿಗೊರಳಲ್ಲಿ ಲಗ್ನಕ್ಕೆ ಹೋಗಬಾರದಲ್ಲ! ಬೆಳಿಗ್ಗೆ ಒಯ್ದು ದೀಪ ಹಚ್ಚುವುದರೊಳಗೆ ಮರಳಿಸಬೇಕು, ಜೊತೆಗೆ ಲಗ್ನಪತ್ರಿಕೆ ಲಗತ್ತಿಸಬೇಕು. ದೀಪ ಹಚ್ಚಿದ ಮೇಲೆ ತಂದರೆ ಮಾಲು ಲಿಲಾವಿಗೆ, ಅಂದರೆ ಹರಾಜಿಗೆ ಹೋಗುತ್ತದೆ.

ಶಾಲೆಯ ಹೆಡ್‌ಮಾಸ್ತರ ಸುಭಾಸ ಸರ್ ಮರುದಿನವೇ ಅರಿಷಿಣ ಹಚ್ಚಿದ ಪತ್ರಿಕೆ ಕಳಿಸಿದರು. "ಚಿ. ವೃತ್ತ ಹಾಗೂ ಚಿ.ಕುಂ.ಸೌ. ಸ್ಪರ್ಶಕ ಇವರ ವಿವಾಹವು ಹತ್ತನೇ 'ಬ' ವರ್ಗದ ಕೋಣೆಯಲ್ಲಿ ಜರುಗುವುದು. ತಾವು ಬಂದು ಒಂದೇ ಬಿಂದುವಿನಲ್ಲಿ ಮುಟ್ಟಿ ಆಶೀರ್ವದಿಸಬೇಕು." ನಿಜಗುಣಪ್ಪನವರು ಎರಡು ಸಲ ಓದಿ, "ಊಟದ್ದ ಏನೂ ಬರದಿಲ್ಲಲಾ?" ಎಂದು ಬೇಜಾರು ಮಾಡಿಕೊಂಡರು. ಆದರೂ ಸಂಘದ ವತಿಯಿಂದ ಒಂದು ಸ್ಟೀಲ್ ಡಬ್ಬಿ ಉಡುಗೊರೆ ಹೋಯಿತು. ಆ ತಿಂಗಳು ಶಾಲೆಯಲ್ಲಿ ದಿನಾ ಲಗ್ನ. ಗೌಸಸಾಬರು ಬೆಳಿಗ್ಗೆ ಟೆಂಪೋದಲ್ಲಿ ಬಂದು ಚೀಲ ಒಯ್ಯುವರು, ಸಂಜೆಗೆ ತಂದು ಮುಟ್ಟಿಸುವರು. ಚೀಲ ಬರುವವರೆಗೆ ಟೀಚರ್ ಹಲಗೆಯ ಮುಂದೆ ಸುಮ್ಮನೆ ನಿಂತಿರುತ್ತಿದ್ದರಂತೆ, ಹಾಜರಿಯನ್ನೂ ಎಣಿಸದೆ.

ಪರೀಕ್ಷೆಗೆ ಎರಡು ದಿನ ಇದ್ದಾಗ ಒಂದು ಪ್ರಮೇಯ ವರ್ಗಕ್ಕೆ ತಿಳಿಯಲಿಲ್ಲ. ಟೀಚರ್ ಇನ್ನೊಮ್ಮೆ ಹೇಳಿದರು. ಮತ್ತೆ ಹೇಳಿದರು. ಹೊರಗೆ ಗೌಸಸಾಬರು ಹಾರ್ನ್ ಹೊಡೆದೇ ಹೊಡೆದರು. ನಲವತ್ತೊಂದು ಮಂದಿಗೂ ತಿಳಿಯುವವರೆಗೆ ಟೀಚರ್ ಹೊರಗೆ ಬರಲಿಲ್ಲ. ಚೀಲ ಸವದತ್ತಿಗೆ ಬಂದಾಗ ಆರು ಐವತ್ತು. ಕಾರ್ಯದರ್ಶಿಗಳು ದೇವರ ಫೋಟೋ ಮುಂದೆ ದೀಪ ಹಚ್ಚಿದ್ದು ಆರು ನಲವತ್ತಕ್ಕೆ, ನಾನೇ ಬರೆದುಕೊಂಡಿದ್ದೇನೆ.

ಲಿಲಾವು ನಮ್ಮ ಕಚೇರಿ ಅಂಗಳದಲ್ಲಿ ಶಾಮಿಯಾನ ಹಾಕಿ ನಡೆಯಿತು. ಸಾಲಹಳ್ಳಿಯ ಕಬ್ಬು ಬೆಳೆಗಾರ ಮಲಕಾಜಪ್ಪನವರು ಹನ್ನೆರಡು ಸಾವಿರಕ್ಕೆ ಶುರು ಮಾಡಿದರು. ಕಬ್ಬಿನ ಗಾಡಿ ಕಾರ್ಖಾನೆಯ ತೂಕದ ಕಾಟಾದ ಮೇಲೆ ನಿಂತಾಗ ಇಂಥದ್ದೊಂದು ಕೈಯಲ್ಲಿದ್ದರೆ ಚಲೋ ಎಂಬುದು ಅವರ ಅಭಿಪ್ರಾಯ. ಗೌಸಸಾಬರು ಇಪ್ಪತ್ತೊಂದು ಎಂದು ಕೂಗಿದರು. ಬೈಲಹೊಂಗಲದಲ್ಲಿ ಟ್ಯೂಶನ್ ಕ್ಲಾಸ್ ನಡೆಸುವ ಗೌತಮ ಸರ್ ಮೂವತ್ತು ಎಂದರು.

"ಇಪ್ಪತ್ತೊಂದ ಸಾವಿರ!" ಎಂದರು ಗೌಸಸಾಬರು ಮತ್ತೆ, ಇನ್ನೂ ಜೋರಾಗಿ.

"ಚಾಚಾ, ಮೂವತ್ತರ ಮ್ಯಾಲೆ ಹೇಳಬೇಕ್ರಿ," ಎಂದು ತಿಳಿಸಿದೆ.

"ಗೊತ್ತೈತೆವಾ. ಇರೂದ ಅಷ್ಟು," ಎಂದರು.

ಕೊನೆಗೆ ಸುಭಾಸ ಸರ್ ನಲವತ್ತೊಂದು ಸಾವಿರಕ್ಕೆ ಶಾಲೆಯ ಪರವಾಗಿ ಹಿಡಿದರು. ಹಣವನ್ನು ಆ ನಲವತ್ತೊಂದು ವಿದ್ಯಾರ್ಥಿಗಳಿಂದ ತಲಾ ಒಂದು ಸಾವಿರದಂತೆ 'ಗಣಿತ ಖರೀದಿ ನಿಧಿ' ಎಂದು ಎತ್ತಿದ್ದರು. ಪಾಲಕರು ಖುಷಿಯಿಂದ ಕೊಟ್ಟರೆಂದು ರಸೀದಿಯ ಮೇಲೆಯೇ ಅಚ್ಚಾಗಿದೆ. ಬಂದ ಹಣದಲ್ಲಿ ತಿಜೋರಿ ಬಾಡಿಗೆ, ಶಾಮಿಯಾನ, ಅರಗು, ದೀಪದ ಎಣ್ಣೆ, ಸ್ಟೀಲ್ ಡಬ್ಬಿ ಎಲ್ಲ ಕಳೆದು ಹನ್ನೊಂದು ರೂಪಾಯಿಯನ್ನು ಟೀಚರ್ ಅಸಲಿಗೆ ಜಮಾ ಮಾಡಿದೆವು.

ಅಲ್ಲಿಯೇ ಸುಭಾಸ ಸರ್ ಟೀಚರನ್ನು ಕರೆದು ಸಮಾಧಾನ ಹೇಳಿದರು. "ಚಿಂತೀ ಮಾಡಬ್ಯಾಡ್ರಿ, ಗಣಿತ ನಮ್ಮ ಸಾಲ್ಯಾಗ ಇರ್ತೈತಿ. ಆದ್ರ ಇನ್ನ ಮ್ಯಾಲೆ ಅದು ಸಂಸ್ಥಾದ ಆಸ್ತಿ. ನಿಮ್ಮದು ಬರೇ ಬಾಯಿ. ಬಾಯಿಗೆ ಮೂರೂವರಿ ಸಾವಿರ ಕೊಡತೇವಿ. ಹತ್ತರಿಂದ ಐದರ ತನಕ, ಕಂಪೌಂಡಿನ ಒಳಗ ಅಷ್ಟ ಬಳಸಬೇಕು."

ಅಂದರೆ ಟೀಚರ ಆದಾಯ ತಿಂಗಳಿಗೆ ನಾಲ್ಕು ಸಾವಿರದ ಕೆಳಗೆ ಬಂತು. ಹಾಗೆ ಬಂದವರ ಕಂತು ಸೊನ್ನೆ ಎಂದು ನಮ್ಮ ನಿಯಮವಿದೆ! ಸಂಘ ಹುಟ್ಟಿದಾಗಿನಿಂದ ಒಬ್ಬರೂ ಮುಟ್ಟದ ಗುರಿ. ಕಚೇರಿಯಲ್ಲಿ ಪೇಢೆ ಹಂಚಿದೆವು, ಪತ್ತಾರರೊಬ್ಬರು ತಿನ್ನಲಿಲ್ಲ. ಅದೇ ಶನಿವಾರ ಸತ್ಕಾರ ಸಮಾರಂಭ ಇಟ್ಟುಕೊಂಡು, ಟೀಚರಿಗೆ ಶಾಲು ಹೊದಿಸಿ, ಬಾಗಿಲಿನಷ್ಟು ದೊಡ್ಡ ರಟ್ಟಿನ ಮೇಲೆ ಒಂದು ಸೊನ್ನೆ ಬರೆಸಿ ಕೈಗೆ ಕೊಟ್ಟೆವು. ಅದರ ಹಿಂದೆ ಅವರು ಪೂರ್ತಿ ಮರೆಯಾದದ್ದರಿಂದ ಫೋಟೋದಲ್ಲಿ ಸೊನ್ನೆಯೇ ಬಂದಿದೆ. ಆಗಲೇ ಅಂಗಳದಲ್ಲಿ ಬೇರೆ ಬೇರೆ ಶಾಲೆಗಳ ಶಿಕ್ಷಕರು ತಮ್ಮ ತಮ್ಮ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದರು. ವಿಜ್ಞಾನದವರು ಎಡಕ್ಕೆ, ಭಾಷೆಯವರು ಬಲಕ್ಕೆ ಎಂದು ಸಚಿನ ಕೂಗುತ್ತಿದ್ದ.

ಸಮಾರಂಭ ಮುಗಿದಾಗ ಐದೂವರೆ. ಗೌಸಸಾಬರು ನೂರಬಿಯನ್ನು ಕರೆದುಕೊಂಡು ನನ್ನ ಮೇಜಿನ ಹತ್ತಿರ ಬಂದರು, ಹಿಂದೆ ಟೀಚರ್. ಮೂರೂವರೆ ಸಾವಿರದಲ್ಲಿ ಎಂಟೂವರೆ ಸಾವಿರದ ಹಾಸ್ಟೆಲ್ ಕಟ್ಟಲಾಗದ್ದರಿಂದ ನೂರಬಿಯ ಹೆಸರಿನಲ್ಲಿ ಸಾಲ ಬೇಕಾಗಿತ್ತು. ಸತ್ಕಾರದ ಸಂತೋಷಕ್ಕೆ ನಿಜಗುಣಪ್ಪನವರು ಬಡ್ಡಿಯನ್ನೇ ಬಿಟ್ಟುಬಿಟ್ಟರು. ಒಂದು ಲಕ್ಷ ಇಪ್ಪತ್ತು ಸಾವಿರ, ಐದು ವರ್ಷದಲ್ಲಿ ತೀರಿಸಬೇಕು.

"ಕಂತ ಎಷ್ಟ ಬರ್ತೈತಿ?" ಎಂದು ಗೌಸಸಾಬರು ಅಭ್ಯಾಸಬಲದಿಂದ ಹಿರಿಯ ಮಗಳ ಕಡೆ ತಿರುಗಿದರು. ಟೀಚರ್ ಬಾಯಿ ತೆರೆದರು. ಪಕ್ಕದಲ್ಲಿ ಪೇಢೆ ತಿನ್ನುತ್ತಿದ್ದ ಸುಭಾಸ ಸರ್, "ಟೀಚರ್, ಐದ ಹೊಡದು ಹೋಗೈತ್ರಿ," ಎಂದು ಮೆಲ್ಲಗೆ ನೆನಪಿಸಿದರು. ಟೀಚರ್ ಬಾಯಿ ಮುಚ್ಚಿದರು.

ಆದ್ದರಿಂದ ಲೆಕ್ಕ ನಾನೇ ಮಾಡಿದೆ. ಐದು ವರ್ಷ ಅಂದರೆ ಐವತ್ತು ತಿಂಗಳು. ಭಾಗಿಸಿದರೆ ಎರಡು ಸಾವಿರದ ನಾಲ್ಕುನೂರು. "ತಿಂಗಳಾ ಎರಡ ಸಾವಿರದ ನಾಕನೂರು, ಐದ ವರ್ಷ ತುಂಬೂತನಕ," ಎಂದು ಗಟ್ಟಿಯಾಗಿ ಓದಿ ಹೇಳಿದೆ.

ಟೀಚರ ಬೆರಳು ಮೇಜಿನ ಮೇಲೆ ಏನೋ ಗೀಚಿತು. ಸುಭಾಸ ಸರ್ ಕೆಮ್ಮಿದರು. ಬೆರಳು ನಿಂತಿತು. ಅವರ ಕಣ್ಣು ತುಂಬಿ ಬಂದದ್ದನ್ನು ನೋಡಿ, ಸತ್ಕಾರದ ದಿನ ಹೆಣ್ಣುಮಕ್ಕಳಿಗೆ ಹಾಗಾಗುವುದು ಸಹಜ ಎಂದುಕೊಂಡೆ.

"ಅಬ್ಬಾ, ಒಂದ ಸಲ ಬರೋಬ್ಬರಿ ನೋಡಸೂಣೇನ?" ಎಂದು ನೂರಬಿ ತಂದೆಯನ್ನು ಕೇಳಿದಳು.

"ನೋಡೂದೇನೈತಿ?" ಎಂದು ಗೌಸಸಾಬರು ನಕ್ಕರು. "ಲೆಕ್ಕ ತಪ್ಪಿತ್ತಂದ್ರ ನಿಮ್ಮಕ್ಕ ಸುಮ್ಮನ ಕುಂದ್ರಾಕೀನ ಅಲ್ಲ."

ಅಷ್ಟು ಹೇಳಿ ಸಹಿ ಮಾಡಿದರು. ನೂರಬಿ ಮಾಡಿದಳು. ಜಾಮೀನುದಾರರ ಜಾಗದಲ್ಲಿ ತಬಸ್ಸುಮ್ ಟೀಚರ್ ಮಾಡಿದರು.