ಗುಳಿಗೆ ನನಗೆ, ವ್ಯಾಯಾಮ ನಿನಗೆ

"ಮೂರೇ ತಿಂಗಳು ತಡೀರಿ! ಇಡೀ ಸಭೆ ಮುಗಿಯೋವರೆಗೂ ಚಕ್ಕಳಮಕ್ಕಳ ಹಾಕಿ ಕೂತು, ಆಮೇಲೆ ರಗ್ಬಿ ಚೆಂಡಿನ ಹಾಗೆ ಪುಟಿದೇಳದಿದ್ರೆ ನನ್ನ ಹೆಸರು ಇಯಾಕೊಪೊ ಅಲ್ಲ!"

ಸಮೋವಾದ ಸವಾಯಿ ದ್ವೀಪದ ಆ ಹಳ್ಳಿಯಲ್ಲಿ ಇಯಾಕೊಪೊ ಹೀಗೆ ಘೋಷಿಸಿದ್ದಕ್ಕೆ ಕಾರಣವಿತ್ತು. ಮನೆತನದ ವಾಗ್ಮಿ ಪದವಿ ಅವನ ಪಾಲಿಗೆ ಬಂದಿತ್ತು. ಪದವಿ ಪಡೆಯುವ ದಿನ ಹಿರಿಯರೆದುರು ಕಾಲು ಚಾಚುವಂತಿಲ್ಲ. ಕೊನೆಗೆ ಬಯಲಿಗಿಳಿದು, ಉದ್ದನೆಯ ದಂಡ ಹಿಡಿದು, ನಿಂತೇ ಭಾಷಣ ಮಾಡಬೇಕು. ಏಳಲಾಗದೆ ಕುಸಿದರೆ ಊರು ಮೂರು ತಲೆಮಾರು ನೆನೆಸಿಕೊಂಡು ನಗುತ್ತದೆ! ಅವನ ಮಂಡಿಗಳೋ, ಸವೆದು ಸವೆದು, ಹೆಜ್ಜೆಗೊಮ್ಮೆ ಕಟಕಟ ಎನ್ನುತ್ತಿದ್ದವು.

ಆಕ್ಲೆಂಡಿನ ತಂಗಿ ಡಬ್ಬಿಗಟ್ಟಲೆ ಗುಳಿಗೆ ಕಳುಹಿಸಿದಳು: ಮೀನೆಣ್ಣೆಯದು, ಅರಿಶಿನದ್ದು, ಹಸಿರು ಚಿಪ್ಪಿನ ಕಡಲಜೀವಿಯ ಪುಡಿಯದು. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಡಂ ಅವನ್ನೆಲ್ಲ ತಿರುಗಿಸಿ ನೋಡಿದರು.

"ಇವುಗಳಿಂದ ನೋವು ಒಂಚೂರು ಕಮ್ಮಿ ಆದ್ರೆ ಆಗಬಹುದು. ಆದ್ರೆ ಕುರ್ಚಿಯಿಂದ ಕೈ ಊರದೆ ದಿನಾ ಇಪ್ಪತ್ತು ಸಲ ಏಳಬೇಕು, ಕೂರಬೇಕು. ಎರಡೂ ಒಟ್ಟಿಗೇ ನಡೀಬೇಕು."

ಎರಡೂ ಒಟ್ಟಿಗೆ! ಇಯಾಕೊಪೊನ ಮನೆಯಲ್ಲಿ ಇಪ್ಪತ್ತು ಜನರಿಗೆ ಒಂದೇ ಒಲೆ. ಬೆಳಗ್ಗೆ ಇವನ ಮೈಮೇಲಿದ್ದ ಅಂಗಿ ಸಂಜೆ ಭಾವಮೈದುನನ ಮೈಮೇಲೆ. ಅಂಥ ಮನೆಯಲ್ಲಿ ಹುಟ್ಟಿದವನಿಗೆ ವೈದ್ಯಶಾಸ್ತ್ರ ಸುಲಭವಾಗಿಯೇ ಅರ್ಥವಾಯಿತು.

"ನೋಡೇ ಫುವಾತಿನೋ," ಎಂದ ಹೆಂಡತಿಗೆ, "ಗುಳಿಗೆ ನಾನು ನುಂಗ್ತೀನಿ, ವ್ಯಾಯಾಮ ನೀನು ಮಾಡು. ಒಂದೇ ಮನೇಲಿ ಎರಡೂ ನಡೆದ ಹಾಗಾಯ್ತು!"

"ನೀವುಂಡ್ರೆ ನನ್ನ ಹೊಟ್ಟೆ ತುಂಬುತ್ತೇನ್ರೀ?"

"ಈ ಮನೇಲಿ ನಂದು, ನಿಂದು ಅಂತ ಯಾವತ್ತಾದ್ರೂ ಇತ್ತಾ?"

"ಇರ್ಲಿಲ್ಲ. ಸರಿ ಬಿಡಿ, ನನ್ನ ಮಂಡೀನೂ ಕಿರುಗುಟ್ತಾ ಇದೆ," ಎಂದಳು ಫುವಾತಿನೋ.

ಅಂದಿನಿಂದ ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಮರದಡಿ ಆಕೆ ಎದ್ದಳು, ಕೂತಳು. ಇಯಾಕೊಪೊ ಚಾಪೆಯ ಮೇಲೆ ಒರಗಿ, ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆ ಮೆಲ್ಲುತ್ತ ಲೆಕ್ಕ ಹಾಕಿದ: "ಹತ್ತೊಂಬತ್ತು... ಸೋಮಾರಿತನ ಬೇಡ... ಇಪ್ಪತ್ತು!" ಕದಲದೆ ಬಿದ್ದುಕೊಂಡವನಿಗೆ ನೋವೆಲ್ಲಿಂದ ಬರಬೇಕು? "ಗುಳಿಗೆ ನಾಟಿದೆ!" ಎಂದು ಬೀಗಿದ.

ಸಭೆಯ ದಿನ ಬಂತು. ಗೋಡೆಯಿಲ್ಲದ ದೊಡ್ಡ ಮನೆಯಲ್ಲಿ ಕಂಬಕ್ಕೊಬ್ಬರಂತೆ ಹನ್ನೊಂದು ಮಂದಿ ಹಿರಿಯರು ಕುಳಿತರು. ಆವಾ ಬೇರಿನ ಪಾನೀಯ ತೆಂಗಿನ ಚಿಪ್ಪಿನಲ್ಲಿ ಸುತ್ತಿ ಬಂತು. ಭಾಷಣದ ಮೇಲೆ ಭಾಷಣ! ಕಡೆಗೆ ಹೊಸ ವಾಗ್ಮಿಯ ಸರದಿ.

ಇಯಾಕೊಪೊ ಏಳಹೊರಟ. ಮಂಡಿ ಒಪ್ಪಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ, ಸೊಂಟ ಎದ್ದಿತು, ಕಾಲು ಏಳಲಿಲ್ಲ. ಮೂರನೆಯ ಸಲ ಪಕ್ಕಕ್ಕುರುಳಿ ಕಂಬ ತಬ್ಬಿಕೊಂಡ! ಮೂರು ತಲೆಮಾರಿನ ನಗೆ ಅವನ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು.

ಆಗ ಹೆಂಗಸರ ಸಾಲಿನಿಂದ ಫುವಾತಿನೋ ಎದ್ದಳು. ನೆಲಕ್ಕೆ ಕೈ ಊರಲಿಲ್ಲ, ಮುಲುಗಲಿಲ್ಲ. ಅಲೆಯೊಂದು ತಾನಾಗಿ ಏಳುವಂತೆ ಎದ್ದಳು! ಅರವತ್ತೆರಡು ವರ್ಷದ ಆ ದೇಹ ಏಳುವುದನ್ನು ಊರಿಗೆ ಊರೇ ಬೆರಗಾಗಿ ನೋಡಿತು. ಹಿರಿಯರ ಮುಂದೆ ಹಾಯುವ ಪದ್ಧತಿಯಂತೆ ಬಗ್ಗಿ ಬಂದು, ಗಂಡನ ಕಂಕುಳಿಗೆ ಕೈ ಕೊಟ್ಟು ಪಿಸುಗುಟ್ಟಿದಳು:

"ಎದೆ ಮುಂದಕ್ಕೆ ತನ್ನಿ. ಹಿಮ್ಮಡಿ ಒತ್ತಿ. ಏಳಿ!"

ಎದ್ದ! ಭಾಷಣವನ್ನೂ ಮಾಡಿದ. ಕಾಲುಗಳ ಗಡಗಡ ನಡುಕವನ್ನು ಜನ ಭಕ್ತಿಯೆಂದು ತಿಳಿದರು.

ಸಭೆ ಮುಗಿಯಿತು. ಹೊರಗೆ ಹಂದಿ ಬೆಂದ ಘಮ. ಆದರೂ ಹಿರಿಯರಲ್ಲಿ ಒಬ್ಬರೂ ಕದಲಲಿಲ್ಲ! ಎಲ್ಲರಿಗಿಂತ ಮುದುಕರಾದ ಸೆಫೋ ಅಜ್ಜ ಅತ್ತಿತ್ತ ನೋಡಿ ಕೆಮ್ಮಿದರು.

"ಮಗಳೇ, ಅವನನ್ನ ಎಬ್ಬಿಸಿದ ಹಾಗೆ... ನನ್ನೂ ಒಂಚೂರು..."

ಹನ್ನೊಂದು ಮಂದಿಯನ್ನೂ ಎಬ್ಬಿಸಿದಳು ಆ ಮಹಾತಾಯಿ!

ಸೋಮವಾರ ಬೆಳಗ್ಗೆ ಮರದಡಿ ಹನ್ನೆರಡು ಕುರ್ಚಿಗಳು ಬಿದ್ದವು. ಹೊಸ ವಾಗ್ಮಿ ಎಲ್ಲರೆದುರು ನಿಂತು ಗಂಟಲು ಸರಿಮಾಡಿಕೊಂಡ.

"ಮಾನ್ಯ ಹಿರಿಯರೇ, ಈ ಮಂಗಳಕರ ಮುಂಜಾನೆ..."

"ಲೋ, ಬಾಯಿಗೆ ವ್ಯಾಯಾಮ ಸಾಕು, ಕೂತ್ಕೊಳೋ!" ಎಂದರು ಸೆಫೋ ಅಜ್ಜ.

ಬದುಕಿದೆಯಾ ಬಡಜೀವವೇ ಎಂದು ಇಯಾಕೊಪೊ ಕುರ್ಚಿಯಲ್ಲಿ ಕುಕ್ಕರಿಸಿದ.

"ಕೂತಿದ್ದಾಯ್ತಲ್ಲ?" ಎಂದಳು ಫುವಾತಿನೋ. "ಏಳಿ ಈಗ. ಒಂದು!"