ದೊಡ್ಡಪ್ಪನ ಸುಣ್ಣದ ಬೆರಳು

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ಕಟ್ಟಿದ ಪುಣ್ಯಾತ್ಮರು ಖಂಡಿತ ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಲು ಓಡಾಡಿದವರೇ ಇರಬೇಕು. ಹಳೆಯ ಕಡೆಯವರು ‘ಅವರು ಸೇರಿಸಿಕೊಳ್ಳುವ ಪತ್ರ ತಾ, ಬಿಡುತ್ತೇವೆ’ ಎಂದರು. ಹೊಸ ಕಡೆಯವರು ‘ಅವರು ಬಿಟ್ಟ ಪತ್ರ ತಾ, ಸೇರಿಸಿಕೊಳ್ಳುತ್ತೇವೆ’ ಎಂದರು. ಚಿತ್ರಕಲೆಯಲ್ಲಿ ಎರಡು ವರ್ಷ ಮುಗಿಸಿದ್ದ ನಾನು ಈ ಎರಡು ಬಾಗಿಲುಗಳ ನಡುವೆ ಒಂದು ಬೇಸಿಗೆ ಪೂರ್ತಿ ಚಪ್ಪಲಿ ಸವೆಸಿದೆ. ಅರ್ಜಿಯಲ್ಲಿ ‘ಕೌಟುಂಬಿಕ ಕಾರಣ’ ಎಂದು ಬರೆದಿದ್ದೆ. ನಿಜವಾದ ಕಾರಣ ಹಾಸ್ಟೆಲ್ಲಿನ ಸಾಂಬಾರು. ಕಲೆಗಾಗಿ ಹಸಿದು ಬದುಕಿದವರಿದ್ದಾರಂತೆ. ನಾನು ಆ ಜಾತಿಯವಳಲ್ಲ.

ಕೊನೆಗೂ ಎರಡೂ ಪತ್ರ ಕೈಗೆ ಬಂದವು. ಉಳಿದದ್ದು ಒಂದೇ ಪರೀಕ್ಷೆ: ಹೊಸ ಕಡೆ ಒಂದು ದೊಡ್ಡ ಚಿತ್ರ ತೋರಿಸಬೇಕು. ಮೆಚ್ಚಿದರೆ ಮೂರನೇ ವರ್ಷ, ಇಲ್ಲವಾದರೆ ಎರಡನೇ ವರ್ಷವನ್ನೇ ಮತ್ತೆ ಓದಬೇಕು. ಸಿದ್ದಾಪುರದ ಬಸ್ ಸ್ಟ್ಯಾಂಡಿನ ಮುಸ್ಸಂಜೆಯನ್ನು ತೈಲವರ್ಣದಲ್ಲಿ ಬರೆದು, ಒಣಗಲೆಂದು ಮನೆಯ ಜಗಲಿಯ ಕಂಬಕ್ಕೆ ಒರಗಿಸಿಟ್ಟೆ. ಬುದ್ಧಿ ಕೆಟ್ಟದ್ದು ಅಲ್ಲೇ. ಆ ಕಂಬ ನಮ್ಮ ದೊಡ್ಡಪ್ಪನದು. ದಿನಕ್ಕೆ ಹತ್ತು ಸಲ ಅಲ್ಲಿ ಕುಳಿತು ಎಲೆ-ಅಡಿಕೆಯ ಕವಳ ಹಾಕುವುದು, ಎಲೆಗೆ ಹಚ್ಚಿ ಬೆರಳಲ್ಲಿ ಉಳಿದ ಸುಣ್ಣವನ್ನು ನೋಡದೆಯೇ ಅದೇ ಕಂಬಕ್ಕೆ ಒರೆಸುವುದು ಅವರ ವಾಡಿಕೆ. ನಮ್ಮ ಕಡೆ ಕವಳ ಹಾಕುವವರ ಮನೆಯ ಕಂಬವೆಂದರೆ ಹೀಗೆಯೇ. ಅದರ ಮೂಲ ಬಣ್ಣ ಕಂಡವರು ಈಗ ಯಾರೂ ಇಲ್ಲ. ಸಂಜೆ ಬಂದು ನೋಡಿದರೆ ನನ್ನ ಮುಸ್ಸಂಜೆಯ ಆಕಾಶದ ಮೇಲೆ ಐದು ಬಿಳಿ ಗೀರು!

“ದೊಡ್ಡಪ್ಪಾ, ಎಂತ ಮಾಡ್ದೆ!” ಎಂದು ಕೂಗಿದೆ.

“ಆನು ಎಂತ ಮಾಡಿದ್ನಿಲ್ಲೆ ಕೂಸೆ. ಕಂಬದ ಜಾಗದಲ್ಲಿ ಚಿತ್ರ ಇಟ್ಟವು ಯಾರು?” ಎಂದು ಅವರು ಇನ್ನೊಂದು ಎಲೆಯ ತೊಟ್ಟು ಮುರಿದರು.

ಒರೆಸಹೋದರೆ ಸುಣ್ಣದ ಜೊತೆ ಆಕಾಶವೂ ಕಿತ್ತು ಬಂತು. ಮರುದಿನ ಬೆಳಿಗ್ಗೆಯ ಬಸ್ಸಿಗೇ ಹೊರಡಬೇಕು. ಅಳು ಬಂತು, ಅತ್ತು ಮುಗಿಸಿ ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೊರಟೆ.

ಚಿತ್ರ ನೋಡಿದ ಪ್ರೊಫೆಸರರು ಬೇರೆಲ್ಲೂ ನಿಲ್ಲದೆ ನೇರ ಆ ಐದು ಗೀರಿಗೇ ಹೋದರು. “ಇದೇನು?”

“ಕಾಯುವಿಕೆಯ ಶೂನ್ಯ ಸರ್” ಎಂದೆ. ಎರಡು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಇಂಥ ಮಾತನ್ನೇ.

“ಯಾವುದರಿಂದ ಹಾಕಿದ್ದು?”

“ಕುಂಚದಿಂದ.”

“ಕುಂಚಕ್ಕೆ ಉಗುರು ಇರ್ತದಾ?” ಎಂದು ಅವರು ಗೀರಿನ ತುದಿಯನ್ನು ಕೆರೆದು ಮೂಸಿದರು. “ಯಮ್ಮನೆ ಯಲ್ಲಾಪುರದಲ್ಲಿ. ಯಮ್ಮನೆಲೂ ಕಂಬ ಇದ್ದು” ಎಂದು ನಮ್ಮ ಮನೆಮಾತಿಗೇ ಇಳಿದರು.

ನೆಲ ಬಿರಿಯಬಾರದೇ ಅನ್ನಿಸಿತು. ಎಲ್ಲವನ್ನೂ ಒಪ್ಪಿಕೊಂಡೆ. ಅವರು ನಗಲಿಲ್ಲ. “ಇಡೀ ಚಿತ್ರದಲ್ಲಿ ಕೈ ಹೆದರದೆ ಆಡಿದ್ದು ಇದೊಂದೇ ಕಡೆ. ಉಳಿದದ್ದೆಲ್ಲ ಮಾಸ್ತರರ ಒಪ್ಪಿಗೆ ಕೇಳಿ ಕೇಳಿ ಬರೆದ ಹಾಗಿದೆ. ನಿನಗೆ ಎರಡನೇ ವರ್ಷ ಕೊಡ್ತೇನೆ. ನಿನ್ನ ದೊಡ್ಡಪ್ಪ ಬಂದಿದ್ದರೆ ಮೂರನೆಯದಕ್ಕೇ ಸೇರಿಸಿಕೊಳ್ಳಬಹುದಿತ್ತು” ಎಂದರು.

ಊರಿಗೆ ಬಂದು ಇದನ್ನು ಹೇಳಿದಾಗ ದೊಡ್ಡಪ್ಪ ಬೆರಳಿನ ಸುಣ್ಣವನ್ನು ಕಂಬಕ್ಕೆ ಒರೆಸಿ, “ಯಂಗೆ ಹಾಸ್ಟೆಲ್ ಊಟ ಆಗ್ತಿಲ್ಲೆ. ನೀನೇ ಹೋಗು” ಎಂದರು.

ಹೋದೆ. ಹೊಸ ಹಾಸ್ಟೆಲ್ಲಿನ ಸಾಂಬಾರು ಹಳೆಯದರ ಖಾಸಾ ತಂಗಿ. ಪ್ರೊಫೆಸರರ ಮಾತು ಮಾತ್ರ ಎದೆಗೆ ನಾಟಿತ್ತು. ಹಾಗಾಗಿ, ಕಲೆಯ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡು ಕವಳ ಹಾಕುವುದನ್ನು ಕಲಿತಿದ್ದೇನೆ. ಎಲೆಗೆ ಸುಣ್ಣ ಹಚ್ಚುವುದೂ ಬಂತು, ಖಾಲಿ ಕ್ಯಾನ್ವಾಸಿನ ಮುಂದೆ ಬೆರಳೆತ್ತಿ ನಿಲ್ಲುವುದೂ ಬಂತು. ಒರೆಸುವ ಮೊದಲು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ಆಮೇಲೆ ಕರವಸ್ತ್ರ ತೆಗೆದು ಬೆರಳನ್ನು ಅದಕ್ಕೆ ಒರೆಸಿಕೊಳ್ಳುತ್ತೇನೆ.