ಮಾವನ ಬೆತ್ತದ ಮೈಲೇಜು

ಬಾಡಿಗೆ ಕಾರು ಓಡಿಸಿದವರ ಹತ್ತಿರ ಕಾರು ಓಡಿದ ಸುದ್ದಿ ಕೇಳಬೇಡಿ, ಅದರಲ್ಲಿ ಹೇಳುವಂಥದ್ದು ಏನೂ ಇರುವುದಿಲ್ಲ. ನಿಂತ ಸುದ್ದಿ ಕೇಳಿ. ಪುತ್ತೂರು, ಸುಳ್ಯ, ಕಡಬದ ರಸ್ತೆಗಳಲ್ಲಿ ನನ್ನ ಕಾರು ನಿಲ್ಲದ ಜಾಗವಿಲ್ಲ. ನಿಂತಲ್ಲೆಲ್ಲ ಒಂದೊಂದು ಫಜೀತಿ ಆಗದೆ ಮುಂದೆ ಹೋದದ್ದೂ ಇಲ್ಲ.

ಬೆತ್ತ ಬಂತು

ಎಪ್ಪತ್ತರ ದಶಕ. ಪೆಟ್ರೋಲ್ ಬೆಲೆ ಒಮ್ಮೆಲೇ ಗಗನಕ್ಕೇರಿದ ಕಾಲ. ಓಡಿಸುವವನು ನಾನಾದರೂ ಕಾರು ನನ್ನ ಮಾವನದು, ಅಂದರೆ ಹೆಂಡತಿಯ ಅಪ್ಪನದು. ಪುತ್ತೂರಿನಲ್ಲಿ ಅವರಿಗೆ ದಿನಸಿ ಅಂಗಡಿ. ಮನುಷ್ಯರ ಬಾಯಿಯನ್ನು ಅವರು ನಂಬುತ್ತಿರಲಿಲ್ಲ. ತಕ್ಕಡಿ ಹೇಳಿದ್ದು ಮಾತ್ರ ಸತ್ಯ.

ಒಂದು ದಿನ ನನ್ನನ್ನು ಕರೆದು, “ಅಳಿಯಂದಿರೇ, ಈ ಕಾರು ಕುಡಿಯುದು ಹೆಚ್ಚಾಯ್ತು. ದೀಪಾವಳಿಯೊಳಗೆ ಮೈಲೇಜ್ ಬಾರದಿದ್ರೆ ಮಾರಿಬಿಡುವ. ನೀವು ಅಂಗಡಿಯಲ್ಲಿ ಕೂತ್ಕೊಳ್ಳಿ” ಎಂದರು.

ಮದುವೆಯಾದ ಹೊಸತರಲ್ಲಿ ಆ ಅಂಗಡಿಯಲ್ಲಿ ಒಂದು ದಿನ ಕೂತವನು ನಾನು. ಒಣಮೆಣಸಿನ ಗೋಣಿ ಬಿಚ್ಚಿದೊಡನೆ ಸೀನಲು ಸುರುಮಾಡಿ, ತಕ್ಕಡಿಯಲ್ಲಿದ್ದ ಕೊತ್ತಂಬರಿಯನ್ನೆಲ್ಲ ಗಿರಾಕಿಯ ಮುಖಕ್ಕೆ ಹಾರಿಸಿದ್ದೆ. ಇನ್ನು ಜನ್ಮವಿಡೀ ಸೀನುತ್ತಾ ಕೂರುವುದೆಂದರೆ ನನ್ನಿಂದ ಆಗದ ಮಾತು. ಹೇಗಾದರೂ ಮಾಡಿ ಕಾರನ್ನು ಉಳಿಸಿಕೊಳ್ಳಬೇಕಿತ್ತು.

ಮಾವ ಕಾರಿನ ಕಿಲೋಮೀಟರ್ ಮೀಟರನ್ನು ರಿಪೇರಿ ಮಾಡಿಸಿದರು. ಪೆಟ್ರೋಲ್ ಮುಳ್ಳು ಮಾತ್ರ ಏನು ಮಾಡಿದರೂ ಏಳಲಿಲ್ಲ. ಅದಕ್ಕಾಗಿ ಟ್ಯಾಂಕಿನೊಳಗೆ ಇಳಿಸಿ ನೋಡಲು ಬಗ್ಗುವ ಬೆತ್ತವೊಂದನ್ನು ತಂದು, ಗೆರೆ ಕೊರೆದು, ಗಲ್ಲಾದ ಪಕ್ಕ ನೇತುಹಾಕಿದರು.

“ಬೆತ್ತ ಎಂತಕ್ಕೆ ಮಾರಾಯ್ರೆ?” ಎಂದು ಗಿರಾಕಿಗಳು ಕೇಳಿದರೆ ಮಾವ ಗಂಭೀರವಾಗಿ ಹೇಳುತ್ತಿದ್ದರು, “ಅಳಿಯನಿಗೆ.”

ದಾರಿಯಲ್ಲೇ ದರ್ಶನ

ಆಗಿನ ಡ್ರೈವರುಗಳಿಗೆಲ್ಲ ಗೊತ್ತಿದ್ದ ಒಂದು ವಿದ್ಯೆ ಉಂಟು. ಇಳಿಜಾರು ಬಂದ ಕೂಡಲೇ ಗೇರು ತಪ್ಪಿಸಿ ಇಂಜಿನ್ ಬಂದ್ ಮಾಡುವುದು. ಮೀಟರ್ ತಿರುಗುತ್ತದೆ, ಪೆಟ್ರೋಲ್ ಉಳಿಯುತ್ತದೆ. ಮಾವನ ಬೆತ್ತ ಬಂದ ಮೇಲೆ ನಾನು ಸಣ್ಣ ಇಳಿಜಾರನ್ನೂ ಬಿಡಲಿಲ್ಲ.

ಒಮ್ಮೆ ಘಟ್ಟದ ಮೇಲಿನ ಯಾತ್ರಿಕರನ್ನು ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ತಿರುವಿನ ಇಳಿಜಾರಿನಲ್ಲಿ ಇಂಜಿನ್ ಸದ್ದು ನಿಂತಿತು, ಕಾರು ಮಾತ್ರ ಗಾಳಿಯ ಹಾಗೆ ಇಳಿಯಿತು. ಹಿಂದಿನ ಸೀಟಿನಲ್ಲಿದ್ದ ಯಜಮಾನರು ನನ್ನ ಹೆಗಲು ಹಿಡಿದರು.

“ಡ್ರೈವರೇ, ಇಂಜಿನ್ ಸತ್ತೋಯ್ತಲ್ರೀ!”

“ಸತ್ತದ್ದಲ್ಲ, ನಾನೇ ನಿಲ್ಲಿಸಿದ್ದು. ಮೈಲೇಜಿಗೆ.”

ಆಮೇಲೆ ಕಾರಿನೊಳಗೆ ಕೇಳಿಸಿದ್ದು ದೇವರ ನಾಮ ಮಾತ್ರ. ಸುಬ್ರಹ್ಮಣ್ಯದಲ್ಲಿ ಇಳಿದವರು ಬೆವರು ಒರೆಸಿಕೊಂಡು, “ದರ್ಶನ ದಾರೀಲೇ ಆಯ್ತು. ಇಲ್ಲಿ ಬರೀ ಉಪಕಾರ ಆಯ್ತು ಸ್ವಾಮಿ ಅಂತ ಹೇಳಿ ಬರ್ತೀವಿ” ಎಂದರು. ವಾಪಸು ಹೋಗುವಾಗ ಬಸ್ಸು ಹತ್ತಿದರು.

ಚೇಟನ ಮದ್ದು

ಕೇರಳದಿಂದ ಬಂದು ಕಡಬದ ಹತ್ತಿರ ರಬ್ಬರ್ ತೋಟ ಮಾಡಿದವರೊಬ್ಬರಿದ್ದರು. ಮಲಯಾಳದಲ್ಲಿ ಅಣ್ಣ ಎನ್ನುವ ಹಾಗೆ ನಾವೆಲ್ಲ ಅವರನ್ನು ಚೇಟ ಎಂದೇ ಕರೆಯುವುದು. ಅವರದೊಂದು ಜೀಪು. ನನ್ನ ಕಷ್ಟ ಕೇಳಿ ಚೇಟ ನಕ್ಕರು.

“ಬರೀ ಪೆಟ್ರೋಲ್ ಹಾಕಿದ್ರೆ ಅದು ಕುಡಿತಾನೇ ಇರ್ತದೆ. ನಾನು ಸ್ವಲ್ಪ ಗೇರುಹಣ್ಣಿನ ಸಾರಾಯಿ ಸೇರಿಸುದು. ಬೇಗ ಏರ್ತದೆ, ಮತ್ತೆ ಕೇಳುದಿಲ್ಲ.”

ನನಗೆ ನಂಬಿಕೆ ಬರಲಿಲ್ಲ. ಕಡಬದಿಂದ ಸುಳ್ಯದವರೆಗೆ ಪರೀಕ್ಷೆ ಎಂದು ಮಾತಾಯಿತು. ಇಬ್ಬರ ಟ್ಯಾಂಕಿಗೂ ಒಂದೇ ಅಳತೆ. ನನ್ನದು ಶುದ್ಧ ಪೆಟ್ರೋಲ್, ಚೇಟನದು ಮಿಶ್ರ. ಹೊರಡುವಾಗ ನನ್ನ ಕಾರಿನಲ್ಲಿ ನಾನೊಬ್ಬನೇ. ಆದರೆ ನಮ್ಮ ಊರಿನಲ್ಲಿ ಗುರುತಿನವರು ಕೈ ತೋರಿಸಿದರೆ ನಿಲ್ಲಿಸದೆ ಹೋಗುವ ಹಾಗಿಲ್ಲ. ಮರುದಿನ ಮನೆಗೇ ಬಂದು ಕೇಳುತ್ತಾರೆ. ಸುಳ್ಯ ಮುಟ್ಟುವಾಗ ಹಿಂದೆ ಒಂದು ಸಂಸಾರ, ಮುಂದೆ ಇನ್ನೊಂದು, ಡಿಕ್ಕಿಯಲ್ಲಿ ಬಾಳೆಗೊನೆ. ಅಂಗಡಿಯಿಂದ ತಂದಿದ್ದ ಬೆತ್ತ ಇಳಿಸಿ ನೋಡಿದರೆ ತುದಿ ಮಾತ್ರ ಒದ್ದೆ. ಚೇಟನ ಟ್ಯಾಂಕಿನಲ್ಲಿ ಇನ್ನೂ ಧಾರಾಳ ಇತ್ತು.

“ಇದು ಯಾವ ಪರೀಕ್ಷೆ?” ಎಂದೆ ಸಿಟ್ಟಿನಿಂದ. “ನಿಮ್ಮ ಜೀಪಿನಲ್ಲಿ ನೀವು ಒಬ್ಬರೇ!”

“ಅದೇ ಸಾರಾಯಿಯ ಗುಣ ಮಾರಾಯ,” ಎಂದರು ಚೇಟ. “ಆ ವಾಸನೆಗೆ ಯಾರೂ ಹತ್ತುದಿಲ್ಲ.”

ಕಡಬದ ಮದುವೆ

ದೀಪಾವಳಿ ಹತ್ತಿರ ಬಂತು. ಕಡಬದಲ್ಲಿ ಮಾವನ ತಂಗಿಯ ಮಗಳ ಮದುವೆ. “ಇದೇ ಕೊನೆಯ ಪರೀಕ್ಷೆ. ಮೀಟರ್ ನಾನೇ ನೋಡುದು” ಎಂದರು ಮಾವ.

ಮದುವೆಯ ಬೆಳಿಗ್ಗೆ ಚೇಟ ರಬ್ಬರ್ ಶೀಟು ಇಳಿಸಲು ಪುತ್ತೂರಿಗೆ ಬಂದಿದ್ದರು. ನನ್ನ ಮುಖ ನೋಡಿ ಪಾಪ ಕಂಡಿರಬೇಕು. ತಮ್ಮ ಕ್ಯಾನಿನಲ್ಲಿದ್ದ ಸಾರಾಯಿಯನ್ನು ಒಂದು ಹನಿಯೂ ಉಳಿಸದೆ ನನ್ನ ಟ್ಯಾಂಕಿಗೆ ಸುರಿದರು.

“ಇಷ್ಟೊಂದಾ?” ಎಂದೆ.

“ಮಾವನ ಎದುರು ಸಣ್ಣವನಾಗ್ಬೇಡ” ಎಂದು ಹೇಳಿ, ತಮ್ಮ ಜೀಪಿಗೆ ಬಂಕಿನಲ್ಲಿ ಬರೀ ಪೆಟ್ರೋಲ್ ಹಾಕಿಸಿಕೊಳ್ಳಲು ಹೋದರು.

ಮಾವ ಬಿಳಿ ಪಂಚೆಯುಟ್ಟು, ಬೆತ್ತ ಅದ್ದಿ ಗೆರೆ ನೋಡಿ, ಅದರ ವಾಸನೆಗೆ ಒಮ್ಮೆ ಮೂಗು ಸಿಂಡರಿಸಿ, ಮುಂದಿನ ಸೀಟಿನಲ್ಲಿ ಮೀಟರಿಗೆ ಕಣ್ಣು ನೆಟ್ಟು ಕೂತರು. ಹಿಂದೆ ಅತ್ತೆ, ನನ್ನ ಹೆಂಡತಿ, ಉಡುಗೊರೆಯ ಪಾತ್ರೆಗಳು. ಉಪ್ಪಿನಂಗಡಿ ದಾಟಿದ್ದೇ ಕಾರು ಎರಡು ಸಲ ಬಿಕ್ಕಳಿಸಿ ನಿಂತಿತು. ಸಾರಾಯಿಯ ನೀರೆಲ್ಲ ಟ್ಯಾಂಕಿನ ಅಡಿಗೆ ಕೂತು, ಪೆಟ್ರೋಲ್ ಮೇಲೆ ತೇಲುತ್ತಿತ್ತು. ಇಂಜಿನ್ನಿಗೆ ಹೋದದ್ದು ನೀರು.

ನನ್ನ ಮೂಗಿಗೆ ಅಲ್ಲೇ ಒಣಮೆಣಸಿನ ಘಾಟು ಬಡಿಯಿತು. ಒಂದು ಸೀನು ಕೂಡ ಬಂತು.

ಅಷ್ಟರಲ್ಲಿ ಹಿಂದಿನಿಂದ ಚೇಟನ ಜೀಪು ಬಂತು. ಮುಹೂರ್ತ ಮೀರುತ್ತದೆಂದು ಅತ್ತೆ ಗಲಾಟೆ ಮಾಡಿದರು. ಚೇಟ ತಪ್ಪಿತಸ್ಥರ ಮುಖ ಮಾಡಿ, ಹಗ್ಗ ಕಟ್ಟಿ ನಮ್ಮನ್ನು ಎಳೆಯತೊಡಗಿದರು. ಏರಿನಲ್ಲಿ ಜೀಪು ಏದುಸಿರು ಬಿಟ್ಟಿತು. ಪೆರಾಬೆಯಲ್ಲಿ ಗುರುತಿನವರೊಬ್ಬರು ಕೈ ತೋರಿಸಿದರು. ಹಗ್ಗ ಕಂಡ ಮೇಲೂ ಹತ್ತಿ ಕೂತರು. ಮಾವ ಮಾತ್ರ ಮೀಟರಿನಿಂದ ಕಣ್ಣು ತೆಗೆಯಲಿಲ್ಲ.

ಕಡಬ ಮುಟ್ಟಿದ ಕೂಡಲೇ ಮಾವ ಮದುವೆ ಚಪ್ಪರಕ್ಕೂ ಹೋಗದೆ ಬೆತ್ತ ಇಳಿಸಿದರು. ಎತ್ತಿ ನೋಡಿದರು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

“ಅಳಿಯಂದಿರೇ, ಮೀಟರ್ ಅಷ್ಟು ಓಡಿದೆ. ಪೆಟ್ರೋಲ್ ಹೆಚ್ಚುಕಮ್ಮಿ ಇದ್ದ ಹಾಗೇ ಉಂಟು! ಈ ಕಾರನ್ನು ಮಾರುದುಂಟಾ?”

“ಆದರೆ ಮಾವ, ಎಳ್ಕೊಂಡು ಬಂದದ್ದು...” ಎಂದೆ. ಹೆಂಡತಿ ನನ್ನ ಕಾಲು ಮೆಟ್ಟಿದಳು.

“ಯಾರು ಎಳೆದದ್ದು ಅಂತ ತಕ್ಕಡಿ ಕೇಳ್ತದಾ? ಗೆರೆ ಗೆರೆಯೇ.”

ಅಷ್ಟರಲ್ಲಿ ಚೇಟ ತಮ್ಮ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿ, ತಲೆಗೆ ಕೈ ಹೊತ್ತು ನಿಂತಿದ್ದರು. “ನನ್ನದು ಪೂರ್ತಿ ಖಾಲಿ! ಇವತ್ತು ಎಂತ ಇಷ್ಟು ಕುಡಿದದ್ದು ಇದು?”

ಮಾವ ಹತ್ತಿರ ಹೋಗಿ ಕನಿಕರದಿಂದ ಕೇಳಿದರು, “ಎಂತ ಹಾಕಿದ್ರಿ?”

“ಬರೀ ಪೆಟ್ರೋಲ್.”

“ಅದೇ ಮತ್ತೆ!” ಎಂದು ಮಾವ ಅವರ ಬೆನ್ನು ತಟ್ಟಿದರು. “ನಮ್ಮ ಅಳಿಯಂದಿರ ಹತ್ತಿರ ಕೇಳಿ, ಅವರು ಎಂತದೋ ಸೇರಿಸ್ತಾರೆ.”